ಎಂಜಿನ್‌ಎಕ್ಸ್ 1.18ರಿಂದ 1.26ಕ್ಕೆ ಹೋದ ಮೇಲೆ ಬರುವ 502: ಎಲ್ಲಿ ನೋಡಬೇಕು, ಏನು ಮುಟ್ಟಬಾರದು

ಎಂಜಿನ್‌ಎಕ್ಸ್ ಒಂದು ವೆಬ್ ಸರ್ವರ್. ಬ್ರೌಸರ್‌ನಿಂದ ಬಂದ ವಿನಂತಿಯನ್ನು ಹಿಂದಿನ ಆ್ಯಪ್‌ಗೆ ದಾಟಿಸಿ ಉತ್ತರ ತಂದುಕೊಡುವ ಅದರ ಕೆಲಸಕ್ಕೆ ರಿವರ್ಸ್ ಪ್ರಾಕ್ಸಿ ಅನ್ನುತ್ತಾರೆ. ವರ್ಷಗಟ್ಟಲೆ ತಕರಾರಿಲ್ಲದೆ ಓಡಿದ ರಿವರ್ಸ್ ಪ್ರಾಕ್ಸಿ ಕಾನ್ಫಿಗ್ ಹೊಸ ಸರ್ವರ್‌ಗೆ ಹೋದ ಕೂಡಲೇ 502 ದೋಷ ಕೊಡಲು ಶುರು ಮಾಡಿದರೆ ಎಲ್ಲರೂ ಮೊದಲು ಕಾನ್ಫಿಗ್ ಫೈಲನ್ನೇ ತೆರೆದು ಕೂರುತ್ತಾರೆ. ಸಹಜ. ಬದಲಾಗಿದ್ದು ಅದೊಂದೇ ಅಲ್ವಾ ಅನಿಸುತ್ತದೆ. ಆದರೆ ಬಹಳ ಸಲ ಕಾನ್ಫಿಗ್ ಸರಿಯಾಗಿಯೇ ಇರುತ್ತದೆ. ಹಿಂದೆ ಕೂತ ಆ್ಯಪ್ ಮೊದಲಿನಿಂದಲೂ ತಪ್ಪು ಉತ್ತರ ಕೊಡುತ್ತಿತ್ತು. ಹಳೆಯ ಎಂಜಿನ್‌ಎಕ್ಸ್ ಅದನ್ನು ನೋಡಿಯೂ ನೋಡದ ಹಾಗೆ ಬಿಡುತ್ತಿತ್ತು. ಹೊಸದು ಬಿಡುವುದಿಲ್ಲ. ಹೀಗಾದಾಗ ಕಾನ್ಫಿಗ್ ಎಷ್ಟು ತಿದ್ದಿದರೂ ಉಪಯೋಗವಿಲ್ಲ.

ಇಲ್ಲಿ ಉದಾಹರಣೆಗೆ ತೆಗೆದುಕೊಂಡಿರುವುದು ಕಲಬುರಗಿಯ ಒಂದು ದಾಲ್ ಮಿಲ್‌ನ ಸರ್ವರ್. ಮಿಲ್ ಇರುವುದು ಕಪನೂರ ಕೈಗಾರಿಕಾ ಪ್ರದೇಶದಲ್ಲಿ, ಅಂಗಡಿ ನೆಹರು ಗಂಜ್ ಮಾರುಕಟ್ಟೆಯಲ್ಲಿ. ಬಾಡಿಗೆಗೆ ತೆಗೆದುಕೊಂಡ ಒಂದು ವಿಪಿಎಸ್ (ಡೇಟಾ ಸೆಂಟರ್‌ನ ವರ್ಚುವಲ್ ಸರ್ವರ್) ಮೇಲೆ ಎಲ್ಲವೂ ಓಡುತ್ತದೆ. ಮುಂದೆ ಎಂಜಿನ್‌ಎಕ್ಸ್. ಅದರ ಹಿಂದೆ ಜಾವಾದ ಸ್ಪ್ರಿಂಗ್ ಬೂಟ್‌ನಲ್ಲಿ ಬರೆದ ಆರ್ಡರ್ ಆ್ಯಪ್, 8080 ಮತ್ತು 8081 ಪೋರ್ಟ್‌ಗಳಲ್ಲಿ ಎರಡು ಪ್ರತಿ. 3000 ಪೋರ್ಟ್‌ನಲ್ಲಿ ನೋಡ್ (ಜಾವಾಸ್ಕ್ರಿಪ್ಟ್) ಆ್ಯಪ್ ಒಂದು, ತೊಗರಿ ದರದ ಬೋರ್ಡ್ ಓಡಿಸಲಿಕ್ಕೆ. ಮಿಲ್‌ನ ವೇಬ್ರಿಜ್ ಕಡೆಯಿಂದ ತೂಕದ ಲೆಕ್ಕ ತರುವ ಇನ್ನೊಂದು ದಾರಿಯೂ ಇದೆ. ಹಳೆಯ ಯಂತ್ರದಲ್ಲಿ ಡೆಬಿಯನ್ ಲಿನಕ್ಸ್ 11, ಎಂಜಿನ್‌ಎಕ್ಸ್ 1.18. ಹೊಸದರಲ್ಲಿ ಡೆಬಿಯನ್ 13, ಎಂಜಿನ್‌ಎಕ್ಸ್ 1.26.

ಆದೇಶಗಳನ್ನೂ ಸೆಟ್ಟಿಂಗ್‌ಗಳ ಹೆಸರನ್ನೂ ಕನ್ನಡದಲ್ಲೇ ಬರೆದಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರಗಳನ್ನೇ ಒತ್ತಬೇಕು. ಹೆಸರಿನ ಮಧ್ಯೆ ಕೆಳಗಿನ ಗೆರೆ (_) ಇದ್ದರೆ ಅದು ಅಂಡರ್‌ಸ್ಕೋರ್, ನಡುವಿನ ಗೆರೆ (-) ಇದ್ದರೆ ಹೈಫನ್.

ಲಕ್ಷಣ

ಗಂಜ್‌ನಿಂದ ಬಂದ ದೂರು ಹೀಗಿತ್ತು: "ಸರ, ಮುಂಜಾನಿ ಛಲೋ ಇತ್ರಿ. ಗಂಜ್ ತೆರಿಯೋ ಹೊತ್ತಿಗಿ ಏನೂ ಬರವಲ್ದು. ಒಂದೀಟು ಬಿಟ್ಟು ನೋಡಿದ್ರ ಮತ್ತ ಬರ್ತದ." ಇದರಲ್ಲಿ ಮುಖ್ಯವಾದ ಸುಳಿವು ಇದೆ, ಆದರೆ ಸುಲಭಕ್ಕೆ ಕಾಣುವುದಿಲ್ಲ. ಬಂದು ಹೋಗಿ ಮಾಡುವ ದೋಷ ಅಂದ ಕೂಡಲೇ ನಮ್ಮ ಕಡೆ ಮೂರು ಅನುಮಾನ ರೆಡಿ ಇರುತ್ತವೆ: ಲೈನ್ ಸರಿ ಇಲ್ಲ, ಕರೆಂಟ್ ಹೋಗಿ ಬಂದಿದೆ, ಇಲ್ಲವೇ ಬಿಸಿಲಿಗೆ ಯಂತ್ರ ಕಾದಿದೆ. ಕಲಬುರಗಿ ಬೇಸಿಗೆಯಲ್ಲಿ ಮೂರನೆಯದನ್ನು ಸುಮ್ನೆ ತಳ್ಳಿಹಾಕಲೂ ಆಗುವುದಿಲ್ಲ. ಆದರೆ ಸರ್ವರ್ ಇರುವುದು ಎಲ್ಲೋ ದೂರದ ಡೇಟಾ ಸೆಂಟರ್‌ನಲ್ಲಿ. ಮೊಬೈಲ್ ಡೇಟಾದಲ್ಲಿ ನೋಡಿದರೂ ಅದೇ 502 ಬಂದರೆ ಮೂರೂ ಅನುಮಾನ ಬಿಟ್ಟುಬಿಡಬಹುದು.

502 ಅಂದರೆ ಎಂಜಿನ್‌ಎಕ್ಸ್ ಬದುಕಿದೆ, ನಿಮ್ಮ ವಿನಂತಿ ಅದಕ್ಕೆ ಮುಟ್ಟಿದೆ, ಹಿಂದಿನ ಆ್ಯಪ್‌ನಿಂದ ಬಳಸಬಹುದಾದ ಉತ್ತರ ಮಾತ್ರ ಸಿಕ್ಕಿಲ್ಲ. ಉತ್ತರ ಬರದೇ ಇರಬಹುದು, ಬಂದ ಉತ್ತರ ಕೆಟ್ಟಿರಬಹುದು. 504 ಬೇರೆ. ಅಲ್ಲಿ ಆ್ಯಪ್ ಸಮಯಕ್ಕೆ ಉತ್ತರ ಕೊಟ್ಟಿಲ್ಲ. ನಾವು ಬದಲಿಸದಿದ್ದರೆ ಆ ಮಿತಿ 60 ಸೆಕೆಂಡ್. 413 ಬಂದರೆ ಅಪ್‌ಲೋಡ್ ಮಾಡಿದ ಫೈಲ್ ದೊಡ್ಡದು ಅಂತ ಅರ್ಥ. ಕ್ಲೈಂಟ್_ಮ್ಯಾಕ್ಸ್_ಬಾಡಿ_ಸೈಜ್ ಬರೆಯದಿದ್ದರೆ ಮಿತಿ 1 ಎಂಬಿ ಇರುತ್ತದೆ. ಹಳೆಯ ಯಂತ್ರದ ಮುಖ್ಯ ಫೈಲ್‌ನಲ್ಲಿ ಯಾರೋ ಇದನ್ನು ಹೆಚ್ಚಿಸಿರುತ್ತಾರೆ. ಹೊಸ ಯಂತ್ರಕ್ಕೆ ಸೈಟ್ ಫೈಲ್ ಮಾತ್ರ ಬಂದಿರುತ್ತದೆ.

ಸರ್ವರ್ ಏಳುವುದೇ ಇಲ್ಲ ಅಂದರೆ

ಇದು ಸುಲಭದ ಭಾಗ. ಎಂಜಿನ್‌ಎಕ್ಸ್ ಜೊತೆ ಹೈಫನ್ ಮತ್ತು ಸಣ್ಣ ಟಿ ಕೊಟ್ಟರೆ ಅದು ಕಾನ್ಫಿಗ್ ಓದಿ ತಪ್ಪಿರುವ ಫೈಲ್ ಮತ್ತು ಸಾಲಿನ ನಂಬರ್ ಹೇಳುತ್ತದೆ. ಸುಡೋ ಇಲ್ಲದೆ ಓಡಿಸಬೇಡಿ. ಸರ್ಟಿಫಿಕೇಟ್ ಕೀ ಓದಲು ಅನುಮತಿ ಇಲ್ಲ ಅಂತ ಅದು ಕೊಡುವ ದೂರು ನಿಜವಾದ ದೂರಲ್ಲ.

1.18ರಿಂದ 1.26ಕ್ಕೆ ಬರುವಾಗ ಹೆಚ್ಚಾಗಿ ಸಿಗುವವು ಇವು. "ಎಸ್‌ಎಸ್‌ಎಲ್ ಆನ್" ಅನ್ನುವ ಸಾಲು. ಇದನ್ನು 1.15.0ರಲ್ಲೇ ಹಳತು ಅಂತ ಸಾರಿದ್ದರು. 1.18 ಬರೀ ಎಚ್ಚರಿಕೆ ಕೊಟ್ಟು ಮುಂದೆ ಹೋಗುತ್ತಿತ್ತು. 2023ರಲ್ಲಿ ಬಂದ 1.25.1ರಲ್ಲಿ ಅದನ್ನು ತೆಗೆದೇ ಹಾಕಿದರು. ಈಗ "ಅನ್‌ನೋನ್ ಡೈರೆಕ್ಟಿವ್" ಅಂತ ಹೇಳಿ ನಿಲ್ಲುತ್ತದೆ. ಆ ಸಾಲು ಅಳಿಸಿ, ಲಿಸನ್ 443ರ ಪಕ್ಕದಲ್ಲಿ ಎಸ್‌ಎಸ್‌ಎಲ್ ಅಂತ ಬರೆಯಿರಿ.

ಎಚ್‌ಟಿಟಿಪಿ2 ವಿಷಯ ಸ್ವಲ್ಪ ಗೋಜಲು. ಮೊದಲು ಲಿಸನ್ ಸಾಲಿನಲ್ಲೇ ಎಚ್‌ಟಿಟಿಪಿ2 ಅಂತ ಸೇರಿಸುತ್ತಿದ್ದೆವು. 1.25.1ರಿಂದ "ಎಚ್‌ಟಿಟಿಪಿ2 ಆನ್" ಅನ್ನುವ ಬೇರೆ ಸಾಲು ಬಂದಿದೆ. 1.26ರಲ್ಲಿ ಹಳೆಯ ರೀತಿ ಇನ್ನೂ ನಡೆಯುತ್ತದೆ, ಎಚ್ಚರಿಕೆ ಮಾತ್ರ ಬರುತ್ತದೆ. ಅಂದರೆ ನಿಮ್ಮ 502ಕ್ಕೂ ಆ ಎಚ್ಚರಿಕೆಗೂ ಸಂಬಂಧವಿಲ್ಲ. ಉಬುಂಟು 24.04ರಲ್ಲಿ ಇರುವುದು 1.24. ಅಲ್ಲಿ ಹೊಸ ರೀತಿ ಬರೆದರೆ ಸರ್ವರ್ ಏಳುವುದಿಲ್ಲ. ಹೈಫನ್ ಸಣ್ಣ ವಿ ಕೊಟ್ಟು ಆವೃತ್ತಿ ನೋಡಿ ಆಮೇಲೆ ಬರೆಯಿರಿ. ಅಲ್ಲಿ ಇಲ್ಲಿ ಕಂಡಿದ್ದನ್ನು ತಂದು ಅಂಟಿಸುವವರಿಗೆ ಇದು ಬಹಳ ಕಾಡುತ್ತದೆ.

ಹಳೆಯ ಇಟಿಸಿ ಫೋಲ್ಡರ್‌ನ ಎಂಜಿನ್‌ಎಕ್ಸ್ ಭಾಗವನ್ನು ಇಡಿಯಾಗಿ ಕಾಪಿ ಮಾಡಿದ್ದರೆ ಮಾಡ್ಯೂಲ್ಸ್-ಎನೇಬಲ್ಡ್ ಫೋಲ್ಡರ್ ಕೂಡ ಬಂದಿರುತ್ತದೆ. ಹೊಸ ಯಂತ್ರದಲ್ಲಿ ಆ ಮಾಡ್ಯೂಲ್ ಇನ್‌ಸ್ಟಾಲ್ ಆಗಿರದಿದ್ದರೆ "ಡಿಎಲ್‌ಓಪನ್ ಫೇಲ್ಡ್" ಅನ್ನುತ್ತದೆ. ನನ್ನ ಮಾತು ಕೇಳುವುದಾದರೆ ಇಡೀ ಫೋಲ್ಡರ್ ಕಾಪಿ ಮಾಡಲೇಬೇಡಿ. ಹೊಸ ಪ್ಯಾಕೇಜ್ ತಂದ ಮುಖ್ಯ ಫೈಲ್ ಹಾಗೇ ಇರಲಿ. ಸೈಟ್ ಫೈಲ್‌ಗಳನ್ನು ಮಾತ್ರ ಒಂದೊಂದಾಗಿ ತನ್ನಿ. ಮುಖ್ಯ ಫೈಲ್‌ನಲ್ಲಿ ನೀವು ಏನೇನು ಬದಲಿಸಿದ್ದಿರಿ ಅಂತ ಡಿಫ್ ತೆಗೆದು ನೋಡಿ, ಬೇಕಾದ್ದನ್ನಷ್ಟೇ ಸೇರಿಸಿ.

ಓಡುತ್ತಿರುವುದು ಯಾವ ಕಾನ್ಫಿಗ್?

ಪರೀಕ್ಷೆ ಪಾಸಾಯಿತು, ಆದರೂ ತಿದ್ದಿದ್ದು ಕಾಣುತ್ತಿಲ್ಲ. ಆಗ ಹೈಫನ್ ಮತ್ತು ದೊಡ್ಡ ಟಿ ಕೊಡಿ. ಎಂಜಿನ್‌ಎಕ್ಸ್ ನಿಜವಾಗಿ ಓದುವ ಎಲ್ಲ ಫೈಲ್‌ಗಳನ್ನೂ ಒಂದರ ಕೆಳಗೆ ಒಂದು ತೋರಿಸುತ್ತದೆ. ಡೆಬಿಯನ್‌ನ ಸೈಟ್ಸ್-ಎನೇಬಲ್ಡ್ ಫೋಲ್ಡರ್‌ನಲ್ಲಿ ಇರುವ ಪ್ರತಿ ಫೈಲ್ ಅದಕ್ಕೆ ಕಾನ್ಫಿಗ್ ಆಗಿಯೇ ಕಾಣುತ್ತದೆ. ಕೊನೆಗೆ ಡಾಟ್ ಬ್ಯಾಕ್ ಅಂತ ಹೆಸರಿಟ್ಟ ಹಳೆಯ ಪ್ರತಿಯನ್ನೂ ಅದು ಓದುತ್ತದೆ. "ಕಾನ್‌ಫ್ಲಿಕ್ಟಿಂಗ್ ಸರ್ವರ್ ನೇಮ್" ಅನ್ನುವ ಎಚ್ಚರಿಕೆ ಕಂಡರೆ ಇದೇ ಕಾರಣ ಇರಬಹುದು. ಒಂದೇ ಹೆಸರಿಗೆ ಎರಡು ಸರ್ವರ್ ಬ್ಲಾಕ್ ಸಿಕ್ಕಿವೆ, ಮೊದಲು ಸಿಕ್ಕಿದ್ದು ಗೆದ್ದಿದೆ. ಅದು ನೀವು ತಿದ್ದಿದ ಫೈಲ್ ಆಗಿರಲೇಬೇಕು ಅಂತೇನಿಲ್ಲ.

ಎಂಜಿನ್‌ಎಕ್ಸ್‌ನವರದೇ ಪ್ಯಾಕೇಜ್ ಹಾಕಿದ್ದರೆ ಲೆಕ್ಕ ಬೇರೆ. ಅದರಲ್ಲಿ ಸೈಟ್ಸ್-ಎನೇಬಲ್ಡ್ ಇರುವುದಿಲ್ಲ. ಕಾನ್ಫ್.ಡಿ ಫೋಲ್ಡರ್‌ನಲ್ಲಿ ಡಾಟ್ ಕಾನ್ಫ್ ಅಂತ ಮುಗಿಯುವ ಫೈಲ್ ಮಾತ್ರ ಓದುತ್ತದೆ. ಪ್ರಾಕ್ಸಿ_ಪ್ಯಾರಮ್ಸ್ ಫೈಲ್ ಕೂಡ ಡೆಬಿಯನ್‌ನವರದು, ಅಲ್ಲಿ ಸಿಗುವುದಿಲ್ಲ. ಆ ಇನ್‌ಕ್ಲೂಡ್ ಸಾಲು ದೂರು ಕೊಡುತ್ತದೆ ಅಂತ ಅಳಿಸಿದರೆ ಹೋಸ್ಟ್ ಮತ್ತು ಎಕ್ಸ್-ಫಾರ್ವರ್ಡೆಡ್-ಪ್ರೋಟೊ ಹೆಡರ್‌ಗಳೂ (ವಿನಂತಿ, ಉತ್ತರಗಳ ತಲೆಯಲ್ಲಿ ಹೋಗುವ ವಿವರದ ಸಾಲುಗಳು) ಅದರ ಜೊತೆ ಹೋಗುತ್ತವೆ. ಆಮೇಲೆ ಆ್ಯಪ್ ತನಗೆ ಎಚ್‌ಟಿಟಿಪಿಯಲ್ಲಿ ವಿನಂತಿ ಬಂದಿದೆ ಅಂದುಕೊಂಡು ಎಚ್‌ಟಿಟಿಪಿಎಸ್‌ಗೆ ಕಳಿಸುತ್ತದೆ, ಅದು ಮತ್ತೆ ಅಲ್ಲಿಗೇ ಬರುತ್ತದೆ. ಬ್ರೌಸರ್ ಸುತ್ತಿ ಸುತ್ತಿ ಸುಸ್ತಾಗಿ ಕೈ ಚೆಲ್ಲುತ್ತದೆ.

ಎರರ್ ಲಾಗ್ ಓದುವ ಕ್ರಮ

ನಮ್ಮ ಮಿಲ್ ಸರ್ವರ್‌ನಲ್ಲಿ ಮೇಲಿನ ಯಾವುದೂ ಇರಲಿಲ್ಲ. ಪರೀಕ್ಷೆ ಪಾಸು. ಆರ್ಡರ್ ಪುಟ ತೆರೆಯುತ್ತದೆ, ಸ್ವಲ್ಪ ಹೊತ್ತಿಗೆ 502, ಮತ್ತೆ ತೆರೆಯುತ್ತದೆ. ಇನ್ನು ಲಾಗ್ ನೋಡಬೇಕು: ವಾರ್ ಫೋಲ್ಡರ್, ಅದರಲ್ಲಿ ಲಾಗ್, ಅದರಲ್ಲಿ ಎಂಜಿನ್‌ಎಕ್ಸ್, ಅದರಲ್ಲಿ ಎರರ್.ಲಾಗ್.

ಪ್ರತಿ ದೂರಿನ ಸಾಲಿನ ಕೊನೆಗೆ "ವೈಲ್" ಅಂತ ಶುರುವಾಗುವ ಒಂದು ತುಂಡು ಇರುತ್ತದೆ. ಅದನ್ನು ಯಾರೂ ಓದುವುದಿಲ್ಲ, ಆದರೆ ಅರ್ಧ ಉತ್ತರ ಅಲ್ಲೇ ಇದೆ. ಅಪ್‌ಸ್ಟ್ರೀಮ್ ಅಂದರೆ ಹಿಂದೆ ಕೂತ ಆ್ಯಪ್. "ವೈಲ್ ಕನೆಕ್ಟಿಂಗ್ ಟು ಅಪ್‌ಸ್ಟ್ರೀಮ್" ಅಂದರೆ ಸಂಪರ್ಕವೇ ಆಗಿಲ್ಲ. "ವೈಲ್ ರೀಡಿಂಗ್ ರೆಸ್ಪಾನ್ಸ್ ಹೆಡರ್ ಫ್ರಮ್ ಅಪ್‌ಸ್ಟ್ರೀಮ್" ಅಂದರೆ ಸಂಪರ್ಕ ಆಗಿದೆ, ಆ್ಯಪ್ ಮಾತಾಡಿದೆ, ಅಥವಾ ಮಾತಾಡಲು ಹೋಗಿ ಫೋನ್ ಇಟ್ಟಿದೆ. ಎರಡಕ್ಕೂ ನೋಡಬೇಕಾದ ಜಾಗ ಬೇರೆ ಬೇರೆ.

ಸಂಪರ್ಕದ ದೂರುಗಳಲ್ಲಿ ಆವರಣದೊಳಗೆ ಒಂದು ನಂಬರ್ ಬರುತ್ತದೆ. 111 ಅಂದರೆ ಆ ಪೋರ್ಟ್‌ನಲ್ಲಿ ಯಾರೂ ಕೂತಿಲ್ಲ. 110 ಅಂದರೆ ಕಾದು ಕಾದು ಸಮಯ ಮುಗಿಯಿತು, ನಡುವೆ ಫೈರ್‌ವಾಲ್ ಇರಬಹುದು. 13 ಅಂದರೆ ಅನುಮತಿ ಇಲ್ಲ. ಯುನಿಕ್ಸ್ ಸಾಕೆಟ್ ಬಳಸುತ್ತಿದ್ದರೆ ಅದರ ಮಾಲೀಕ ಯಾರು ನೋಡಿ. ರಾಕಿ ಅಥವಾ ಆಲ್ಮಾ ಲಿನಕ್ಸ್ ಆಗಿದ್ದರೆ ಎಸ್‌ಇ‌ಲಿನಕ್ಸ್‌ನ ಎಚ್‌ಟಿಟಿಪಿಡಿ_ಕ್ಯಾನ್_ನೆಟ್‌ವರ್ಕ್_ಕನೆಕ್ಟ್ ಸ್ವಿಚ್ ನೋಡಿ.

111ರ ಒಂದು ವಿಶೇಷ ರೂಪ ಈ ವಲಸೆಯಲ್ಲಿ ಸಿಕ್ಕೇ ಸಿಗುತ್ತದೆ. ಎಂಜಿನ್‌ಎಕ್ಸ್ ಒಂದೇ ಹೊಸದಾಗುವುದಿಲ್ಲ, ನೋಡ್ ಕೂಡ ಹೊಸದಾಗುತ್ತದೆ. ಡೆಬಿಯನ್ 11ರಲ್ಲಿ ನೋಡ್ 12 ಇತ್ತು, 13ರಲ್ಲಿ ನೋಡ್ 20 ಇದೆ. ನೋಡ್ 17ರಿಂದ ಲೋಕಲ್‌ಹೋಸ್ಟ್ ಅನ್ನುವ ಹೆಸರಿಗೆ ಐಪಿವಿ4 ವಿಳಾಸವನ್ನೇ ಮೊದಲು ಇಡುವ ಪದ್ಧತಿ ಬಿಟ್ಟರು. ಆ್ಯಪ್ "ಲೋಕಲ್‌ಹೋಸ್ಟ್ 3000ದಲ್ಲಿ ಕೂರು" ಅಂತ ಬರೆದಿದ್ದರೆ ಅದು ಐಪಿವಿ6 ವಿಳಾಸ ::1ರಲ್ಲಿ ಹೋಗಿ ಕೂರಬಹುದು. ವಿನಂತಿಯನ್ನು ಎಲ್ಲಿಗೆ ದಾಟಿಸಬೇಕು ಅಂತ ಹೇಳುವ ಪ್ರಾಕ್ಸಿ_ಪಾಸ್‌ನಲ್ಲಿ 127.0.0.1 ಇರುತ್ತದೆ. ಇಬ್ಬರೂ ಒಂದೇ ಮನೆಯಲ್ಲಿದ್ದರೂ ಭೇಟಿ ಆಗುವುದಿಲ್ಲ. ಎಸ್‌ಎಸ್ ಆದೇಶಕ್ಕೆ ಹೈಫನ್ ಎಲ್‌ಟಿಎನ್‌ಪಿ ಕೊಟ್ಟರೆ ಯಾರು ಯಾವ ವಿಳಾಸದಲ್ಲಿ ಕೂತಿದ್ದಾರೆ ಅಂತ ಕಾಣುತ್ತದೆ. ಎರಡೂ ಕಡೆ 127.0.0.1 ಅಂತ ಅಂಕಿಯಲ್ಲೇ ಬರೆಯುವುದು ಒಳ್ಳೆಯದು.

ಮಿಲ್‌ನ ಲಾಗ್‌ನಲ್ಲಿ ಒಂದೇ ಸಾಲು ರಾಶಿ ರಾಶಿ ಬಿದ್ದಿತ್ತು: "ನೋ ಲೈವ್ ಅಪ್‌ಸ್ಟ್ರೀಮ್ಸ್ ವೈಲ್ ಕನೆಕ್ಟಿಂಗ್ ಟು ಅಪ್‌ಸ್ಟ್ರೀಮ್". ಹಿಂದೆ ಬದುಕಿರುವ ಆ್ಯಪ್ ಒಂದೂ ಇಲ್ಲ ಅಂತ ಅರ್ಥ. ಆದರೆ ಅದೇ ಹೊತ್ತಿಗೆ ಎಸ್‌ಎಸ್ ಆದೇಶ 8080 ಮತ್ತು 8081 ಎರಡನ್ನೂ ತೋರಿಸುತ್ತಿತ್ತು. ಪುಟ ಕೇಳುವ ಕರ್ಲ್ ಆದೇಶ ಹಾಕಿದರೆ ಎರಡೂ ಕೂಡಲೇ ಉತ್ತರ ಕೊಡುತ್ತಿದ್ದವು. ಇಲ್ಲಿ ಬಹಳ ಜನ ಜಾವಾಗೆ ಮೆಮೊರಿ ಹೆಚ್ಚಿಸುವುದು, ಆ್ಯಪ್ ರೀಸ್ಟಾರ್ಟ್ ಮಾಡುವುದು ಶುರು ಮಾಡುತ್ತಾರೆ. ರೀಸ್ಟಾರ್ಟ್ ಮಾಡಿದಾಗ ಸ್ವಲ್ಪ ಹೊತ್ತು ಸರಿಯೂ ಹೋಗುತ್ತದೆ. ಅದರಿಂದ ದಾರಿ ಇನ್ನಷ್ಟು ತಪ್ಪುತ್ತದೆ.

"ನೋ ಲೈವ್ ಅಪ್‌ಸ್ಟ್ರೀಮ್ಸ್" ಯಾವತ್ತೂ ಮೊದಲ ದೂರಲ್ಲ. ಅದಕ್ಕಿಂತ ಮೊದಲು ಎಂಜಿನ್‌ಎಕ್ಸ್ ಪ್ರತಿಯೊಂದು ಸರ್ವರ್ ಜೊತೆ ಏನೋ ಕೆಟ್ಟ ಅನುಭವ ಪಡೆದು ಅದನ್ನು ಪಕ್ಕಕ್ಕೆ ಇಟ್ಟಿರುತ್ತದೆ. ಆ ಅನುಭವದ ಸಾಲು ಮೇಲೆಲ್ಲೋ ಇರುತ್ತದೆ, ಸಂಖ್ಯೆಯಲ್ಲಿ ಕಡಿಮೆ ಇರುತ್ತದೆ. ಸಾಲು ಹುಡುಕುವ ಗ್ರೆಪ್ ಆದೇಶಕ್ಕೆ ಹೈಫನ್ ಸಣ್ಣ ವಿ ಕೊಟ್ಟು "ನೋ ಲೈವ್" ಇರುವ ಸಾಲುಗಳನ್ನು ತೆಗೆದುಹಾಕಿ ಉಳಿದಿದ್ದನ್ನು ಓದಿ. ಉಳಿದದ್ದು ಇದು:

"ಅಪ್‌ಸ್ಟ್ರೀಮ್ ಸೆಂಟ್ ಡುಪ್ಲಿಕೇಟ್ ಹೆಡರ್ ಲೈನ್: ಟ್ರಾನ್ಸ್‌ಫರ್-ಎನ್‌ಕೋಡಿಂಗ್: ಚಂಕ್ಡ್, ಪ್ರೀವಿಯಸ್ ವ್ಯಾಲ್ಯೂ: ಟ್ರಾನ್ಸ್‌ಫರ್-ಎನ್‌ಕೋಡಿಂಗ್: ಚಂಕ್ಡ್, ವೈಲ್ ರೀಡಿಂಗ್ ರೆಸ್ಪಾನ್ಸ್ ಹೆಡರ್ ಫ್ರಮ್ ಅಪ್‌ಸ್ಟ್ರೀಮ್".

ಅದರ ಪಕ್ಕದಲ್ಲೇ ವಿನಂತಿಯ ವಿಳಾಸವೂ ಇತ್ತು. ಪ್ರತಿ ಸಲವೂ ಒಂದೇ ವಿಳಾಸ, ಆರ್ಡರ್ ಆ್ಯಪ್ ಒಳಗಿನ ದರದ ಪುಟದ್ದು (3000 ಪೋರ್ಟ್‌ನ ದರದ ಬೋರ್ಡ್ ಅಲ್ಲ).

ಎರಡು ಸಲ ಬರುವ ಹೆಡರ್

ಎಚ್‌ಟಿಟಿಪಿ 1.1ರಲ್ಲಿ ಉತ್ತರದ ಉದ್ದ ಮೊದಲೇ ಗೊತ್ತಿದ್ದರೆ ಕಂಟೆಂಟ್-ಲೆಂತ್ ಹೆಡರ್‌ನಲ್ಲಿ ಹೇಳಬಹುದು. ಗೊತ್ತಿಲ್ಲದಿದ್ದರೆ ತುಂಡು ತುಂಡಾಗಿ ಕಳಿಸಿ, ಪ್ರತಿ ತುಂಡಿನ ಮುಂದೆ ಅದರ ಅಳತೆ ಬರೆಯಬೇಕು. ಈ ಎರಡನೆಯ ರೀತಿ ಬಳಸಿದ್ದೇನೆ ಅಂತ ಹೇಳುವುದೇ ಟ್ರಾನ್ಸ್‌ಫರ್-ಎನ್‌ಕೋಡಿಂಗ್: ಚಂಕ್ಡ್. ಒಂದೇ ಹೆಡರ್ ಎರಡು ಸಾಲಲ್ಲಿ ಬಂದರೆ ನಿಯಮದ ಪ್ರಕಾರ ಅದನ್ನು ಕಾಮಾ ಹಾಕಿ ಸೇರಿಸಿದ ಹಾಗೆ ಓದಬೇಕು. ಅಂದರೆ ಎರಡು ಸಲ ತುಂಡು ಮಾಡಿದೆ ಅಂತ ಆಯಿತು. ಹಾಗೆ ಮಾಡಬಾರದು ಅಂತ ಎಚ್‌ಟಿಟಿಪಿ 1.1ರ ನಿಯಮಗಳಿರುವ 2022ರ ಆರ್‌ಎಫ್‌ಸಿ 9112 ನೇರವಾಗಿ ಹೇಳುತ್ತದೆ.

ಆ್ಯಪ್ ನಿಜವಾಗಿ ಎರಡು ಸಲ ತುಂಡು ಮಾಡಿರುವುದಿಲ್ಲ. ಹೆಡರ್ ಮಾತ್ರ ಎರಡು ಸಲ ಬರೆದಿರುತ್ತದೆ. ಹಳೆಯ ಎಂಜಿನ್‌ಎಕ್ಸ್ "ಚಂಕ್ಡ್ ಅಂತ ಇದೆ, ಸರಿ" ಅಂತ ಮುಂದೆ ಹೋಗುತ್ತಿತ್ತು. 1.23.0ರಲ್ಲಿ ಹೆಡರ್‌ಗಳನ್ನು ಒಳಗೆ ಇಟ್ಟುಕೊಳ್ಳುವ ರೀತಿಯನ್ನೇ ಬದಲಿಸಿದರು. ಆಗಿನಿಂದ ಆ್ಯಪ್ ಕಡೆಯಿಂದ ಟ್ರಾನ್ಸ್‌ಫರ್-ಎನ್‌ಕೋಡಿಂಗ್ ಅಥವಾ ಕಂಟೆಂಟ್-ಲೆಂತ್ ಎರಡು ಸಲ ಬಂದರೆ ಇಡೀ ಉತ್ತರವನ್ನು ತಿರಸ್ಕರಿಸುತ್ತದೆ. ಎರಡೂ ಒಟ್ಟಿಗೆ ಬಂದರೂ ಅಷ್ಟೇ. ಇದು ಹಟವಲ್ಲ. ಉತ್ತರ ಎಲ್ಲಿ ಮುಗಿಯುತ್ತದೆ ಅನ್ನುವುದರಲ್ಲಿ ಮುಂದಿನ ಪ್ರಾಕ್ಸಿಗೂ ಹಿಂದಿನ ಸರ್ವರ್‌ಗೂ ಭಿನ್ನಾಭಿಪ್ರಾಯ ಬಂದರೆ, ಒಬ್ಬರ ಉತ್ತರದ ಬಾಲ ಇನ್ನೊಬ್ಬರಿಗೆ ಹೋಗುವ ಹಾಗೆ ಮಾಡಬಹುದು. ಇಂಥ ಸಂದುಗಳನ್ನು ಬಳಸಿಕೊಂಡೇ ಸ್ಮಗ್ಲಿಂಗ್ ದಾಳಿ ನಡೆಯುತ್ತದೆ.

ಡೆಬಿಯನ್ 12ರಲ್ಲಿರುವ 1.22 ಈ ಬದಲಾವಣೆಗಿಂತ ಮುಂಚಿನದು. ಹಾಗಾಗಿ ಡೆಬಿಯನ್ 12ಕ್ಕೆ ಹೋದವರಿಗೆ ಈ ದೋಷ ಕಾಣುವುದಿಲ್ಲ. 13ಕ್ಕೋ ಉಬುಂಟು 24.04ಕ್ಕೋ ಹೋದವರಿಗೆ ಕಾಣುತ್ತದೆ. "ನಮ್ಮಲ್ಲಿ ಎಲ್ಲ ಸರಿ ಇದೆಯಲ್ಲ" ಅಂತ ಗೆಳೆಯರು ಹೇಳಿದರೆ ಅವರ ಆವೃತ್ತಿ ಕೇಳಿ.

ಖಾತ್ರಿ ಮಾಡಿಕೊಳ್ಳಲು ಎಂಜಿನ್‌ಎಕ್ಸ್ ಬಿಟ್ಟು ನೇರವಾಗಿ ಆ್ಯಪ್ ಕೇಳಬೇಕು. ಸರ್ವರ್ ಮೇಲೆ ಕೂತು 127.0.0.1ರ 8080 ಪೋರ್ಟ್‌ನ ದರದ ಪುಟಕ್ಕೆ ಕರ್ಲ್ ಹಾಕಿ. ಹೈಫನ್ ಸಣ್ಣ ವಿ ಕೊಟ್ಟು, ಉತ್ತರದ ಒಡಲನ್ನು ಡೆವ್ ನಲ್‌ಗೆ ಕಳಿಸಿ. ಹೆಡರ್‌ಗಳಷ್ಟೇ ಸಾಕು ಅಂತ ಹೈಫನ್ ದೊಡ್ಡ ಐ ಬಳಸಬೇಡಿ. ಅದು ಹೆಡ್ ವಿನಂತಿ ಕಳಿಸುತ್ತದೆ, ಅದಕ್ಕೆ ಬರುವ ಹೆಡರ್‌ಗಳು ಬೇರೆ ಇರಬಹುದು, ತಪ್ಪು ಅಡಗಿಕೊಳ್ಳುತ್ತದೆ. ನಮ್ಮಲ್ಲಿ ಟ್ರಾನ್ಸ್‌ಫರ್-ಎನ್‌ಕೋಡಿಂಗ್ ಸಾಲು ಎರಡು ಸಲ ಕಣ್ಣೆದುರೇ ಬಂತು. ಆರ್ಡರ್ ಪುಟಕ್ಕೆ ಒಂದೇ ಸಲ.

ದರದ ಪುಟಕ್ಕೆ ಮಾತ್ರ ಯಾಕೆ? ಆ ಪುಟ ತನ್ನ ದರವನ್ನು ಇನ್ನೊಂದು ಸರ್ವಿಸ್‌ನಿಂದ ತರುತ್ತದೆ. ಬರೆದವರು ಅಲ್ಲಿಂದ ಬಂದ ರೆಸ್ಪಾನ್ಸ್‌ಎಂಟಿಟಿಯನ್ನು (ಸ್ಪ್ರಿಂಗ್‌ನಲ್ಲಿ ಇಡೀ ಉತ್ತರದ ಪೊಟ್ಟಣ) ಹಾಗೇ ರಿಟರ್ನ್ ಮಾಡಿದ್ದಾರೆ. ಅದರೊಳಗೆ ಆ ಸರ್ವಿಸ್‌ನ ಹೆಡರ್‌ಗಳೂ ಇವೆ, ಚಂಕ್ಡ್ ಕೂಡ. ಆಮೇಲೆ ಸ್ಪ್ರಿಂಗ್ ಬೂಟ್ ಒಳಗಿನ ಟಾಮ್‌ಕ್ಯಾಟ್ ಉತ್ತರದ ಉದ್ದ ಗೊತ್ತಿಲ್ಲದ್ದರಿಂದ ತಾನೂ ಚಂಕ್ಡ್ ಅಂತ ಒಂದು ಸಾಲು ಸೇರಿಸುತ್ತದೆ. ಎರಡಾಯಿತು. ಟ್ರಾನ್ಸ್‌ಫರ್-ಎನ್‌ಕೋಡಿಂಗ್ ಒಂದು ಸಂಪರ್ಕಕ್ಕೆ ಮಾತ್ರ ಸೇರಿದ ಹೆಡರ್. ಮಾಲು ಒಂದು ಲಾರಿಯಿಂದ ಇನ್ನೊಂದಕ್ಕೆ ಹೋದರೆ ಹಳೆಯ ಲಾರಿಯ ಬಿಲ್ಟಿ ಅದರ ಜೊತೆ ಹೋಗುವುದಿಲ್ಲ, ಹೊಸದು ಬರೆಯುತ್ತಾರೆ. ಇಲ್ಲಿ ಎರಡೂ ಬಿಲ್ಟಿ ಒಟ್ಟಿಗೆ ಬಂದಿವೆ.

ಒಂದು ಪುಟದ ತಪ್ಪಿಗೆ ಇಡೀ ಸೈಟ್ ಯಾಕೆ ಬೀಳುತ್ತದೆ

ಮುಂಜಾನೆ ಸರಿ, ಗಂಜ್ ತೆರೆದ ಮೇಲೆ ಇಲ್ಲ ಅನ್ನುವ ದೂರಿಗೆ ಉತ್ತರ ಇಲ್ಲಿದೆ.

ಅಪ್‌ಸ್ಟ್ರೀಮ್ ಬ್ಲಾಕ್‌ನಲ್ಲಿ ಎರಡು ಸರ್ವರ್ ಇವೆ. ನಾವು ಏನೂ ಬರೆಯದಿದ್ದರೆ ಪ್ರತಿ ಸರ್ವರ್‌ಗೆ ಮ್ಯಾಕ್ಸ್_ಫೇಲ್ಸ್ 1, ಫೇಲ್_ಟೈಮೌಟ್ 10 ಸೆಕೆಂಡ್. ಒಂದು ಸಲ ಎಡವಿದರೆ 10 ಸೆಕೆಂಡ್ ಅದಕ್ಕೆ ವಿನಂತಿ ಕಳಿಸುವುದಿಲ್ಲ. ಕೆಟ್ಟ ಹೆಡರ್ ಕೂಡ ಎಡವಿದ ಲೆಕ್ಕಕ್ಕೇ ಬರುತ್ತದೆ. ಪ್ರಾಕ್ಸಿ_ನೆಕ್ಸ್ಟ್_ಅಪ್‌ಸ್ಟ್ರೀಮ್‌ನಲ್ಲಿ ಇನ್‌ವ್ಯಾಲಿಡ್_ಹೆಡರ್ ಅಂತ ಬರೆದಿರಲಿ ಬಿಡಲಿ, ಈ ಲೆಕ್ಕ ಬದಲಾಗುವುದಿಲ್ಲ.

ಈಗ ಯಾರೋ ದರದ ಪುಟ ತೆರೆದರು. 8080ರಿಂದ ಎರಡು ಹೆಡರ್ ಬಂತು, 8080 ಪಕ್ಕಕ್ಕೆ. ಇನ್ನೊಬ್ಬರು ತೆರೆದರು, 8081 ಪಕ್ಕಕ್ಕೆ. ಇನ್ನು ಆರ್ಡರ್ ಪುಟ ಕೇಳಿದವರಿಗೂ 502. ಆರ್ಡರ್ ಪುಟದಲ್ಲಿ ಯಾವ ತಪ್ಪೂ ಇಲ್ಲ. ಮುಂಜಾನೆ ದರ ನೋಡುವವರು ಕಡಿಮೆ, ಹಾಗಾಗಿ ಸೈಟ್ ಬದುಕಿರುತ್ತದೆ. ಗಂಜ್‌ನಲ್ಲಿ ಸವಾಲು ಶುರುವಾಗುವ ಹೊತ್ತಿಗೆ ಎಲ್ಲರೂ ದರವನ್ನೇ ನೋಡುತ್ತಾರೆ. ತೊಗರಿ ಸುಗ್ಗಿಯಲ್ಲಂತೂ ಕೇಳಬೇಡಿ.

ಒಂದೇ ಸರ್ವರ್ ಇರುವ ಅಪ್‌ಸ್ಟ್ರೀಮ್‌ನಲ್ಲಿ ಮ್ಯಾಕ್ಸ್_ಫೇಲ್ಸ್ ಲೆಕ್ಕಕ್ಕೇ ಬರುವುದಿಲ್ಲ. ಅಲ್ಲಿ ದರದ ಪುಟ ಒಂದೇ ಕೆಡುತ್ತದೆ, ಉಳಿದದ್ದು ಸರಿ ಇರುತ್ತದೆ. ದೋಷ ಹುಡುಕುವವರಿಗೆ ಅದೇ ಸುಲಭ. ಅನುಮಾನ ಬಂದಾಗ ಪರೀಕ್ಷಾ ಯಂತ್ರದಲ್ಲಿ ಒಂದು ಸರ್ವರ್ ತೆಗೆದು ನೋಡುವುದು ಒಳ್ಳೆಯ ಉಪಾಯ. ಬಂದು ಹೋಗುವ ದೋಷ ಆಗ ಒಂದು ಜಾಗದಲ್ಲಿ ನಿಲ್ಲುತ್ತದೆ.

ಏನು ಮಾಡಬೇಕು, ಏನು ಮಾಡಬಾರದು

ಸರಿಯಾದ ಪರಿಹಾರ ಆ್ಯಪ್‌ನಲ್ಲಿ. ಹೊರಗಿನ ಸರ್ವಿಸ್‌ನಿಂದ ಬಂದ ಉತ್ತರದಿಂದ ಒಡಲು, ಸ್ಟೇಟಸ್ ಮತ್ತು ಕಂಟೆಂಟ್-ಟೈಪ್ ಮಾತ್ರ ತೆಗೆದುಕೊಂಡು ಹೊಸ ರೆಸ್ಪಾನ್ಸ್‌ಎಂಟಿಟಿ ಕಟ್ಟಬೇಕು. ಕೆಲವೇ ಸಾಲಿನ ಕೆಲಸ. ಆ್ಯಪ್ ಬರೆದವರಿಗೆ ಹೇಳುವಾಗ "ನಿಮ್ಮ ಆ್ಯಪ್ ಕೆಟ್ಟಿದೆ" ಅನ್ನಬೇಡಿ. ಹಳೆಯ ಸರ್ವರ್‌ನಲ್ಲಿ ನಡೆಯುತ್ತಿತ್ತಲ್ಲ ಅಂತ ಅವರೂ ಹೇಳುತ್ತಾರೆ, ಅದೂ ನಿಜವೇ. ಕರ್ಲ್‌ನ ಉತ್ತರ ಕಳಿಸಿ. ಹಳೆಯ ಯಂತ್ರದ ಮೇಲೂ ಅದೇ ಕರ್ಲ್ ಓಡಿಸಿ ಅದನ್ನೂ ಜೊತೆಗೆ ಕಳಿಸಿ. ಅಲ್ಲೂ ಎರಡು ಸಾಲು ಇರುತ್ತದೆ. ವಾದ ಅಲ್ಲಿಗೇ ಮುಗಿಯುತ್ತದೆ.

ಅವರು ತಿದ್ದುವವರೆಗೆ ಅಂಗಡಿ ನಡೆಯಬೇಕಲ್ಲ. ಎರಡೂ ಸರ್ವರ್ ಸಾಲಿಗೆ ಮ್ಯಾಕ್ಸ್_ಫೇಲ್ಸ್=0 ಸೇರಿಸಿ ರೀಲೋಡ್ ಮಾಡಿ. ಆಗ ಎಂಜಿನ್‌ಎಕ್ಸ್ ಎಡವಿದ ಲೆಕ್ಕ ಇಡುವುದಿಲ್ಲ. ದರದ ಪುಟ 502 ಕೊಡುತ್ತಲೇ ಇರುತ್ತದೆ, ಆದರೆ ಆರ್ಡರ್, ಬಿಲ್ ಎಲ್ಲ ನಡೆಯುತ್ತವೆ. ನಿಜವಾಗಿ ಸತ್ತ ಸರ್ವರ್‌ಗೂ ವಿನಂತಿ ಹೋಗಿ ವಾಪಸ್ ಬರುವುದು ಇದರ ತೊಂದರೆ. ಆ್ಯಪ್ ಸರಿಯಾದ ದಿನ ಈ ಸಾಲು ತೆಗೆಯಿರಿ. ಮ್ಯಾಕ್ಸ್_ಫೇಲ್ಸ್ ಮುಟ್ಟುವುದು ಬೇಡ ಅನಿಸಿದರೆ ದರದ ಪುಟದ ಲೊಕೇಶನ್‌ಗೆ (ಆ ವಿಳಾಸದ ಸೆಟ್ಟಿಂಗ್ ಬ್ಲಾಕ್‌ಗೆ) ಮಾತ್ರ ನೇರವಾಗಿ 127.0.0.1:8080 ಅಂತ ಪ್ರಾಕ್ಸಿ_ಪಾಸ್ ಕೊಡಿ. ಆಗ ಅದರ ಎಡವಟ್ಟು ಉಳಿದವರ ತಲೆಗೆ ಬರುವುದಿಲ್ಲ.

ಪ್ರಾಕ್ಸಿ_ಹೈಡ್_ಹೆಡರ್ ಹಾಕಿ ಟ್ರಾನ್ಸ್‌ಫರ್-ಎನ್‌ಕೋಡಿಂಗ್ ಮುಚ್ಚೋಣ ಅಂತ ಕೆಲವರು ಹೇಳುತ್ತಾರೆ. ಉಪಯೋಗವಿಲ್ಲ. ಆ ಸಾಲು ಕೆಲಸ ಮಾಡುವುದು ಉತ್ತರವನ್ನು ಓದಿ ಆದ ಮೇಲೆ, ಗ್ರಾಹಕನಿಗೆ ಕಳಿಸುವಾಗ. ಇಲ್ಲಿ ಓದುವಾಗಲೇ ಜಗಳ ಆಗಿರುತ್ತದೆ.

ಪ್ರಾಕ್ಸಿ_ಎಚ್‌ಟಿಟಿಪಿ_ವರ್ಶನ್ 1.1 ಇರುವುದನ್ನು 1.0 ಮಾಡಿದರೆ ಡುಪ್ಲಿಕೇಟ್ ದೂರು ನಿಲ್ಲುತ್ತದೆ. ಇದರಿಂದ ಖುಷಿಪಟ್ಟವರನ್ನು ನೋಡಿದ್ದೇನೆ. ಆದರೆ 1.0 ವಿನಂತಿಗೆ ಟಾಮ್‌ಕ್ಯಾಟ್ ತುಂಡು ಮಾಡುವುದಿಲ್ಲ, ತನ್ನ ಸಾಲೂ ಸೇರಿಸುವುದಿಲ್ಲ. ಆ್ಯಪ್ ಕಾಪಿ ಮಾಡಿದ ಚಂಕ್ಡ್ ಸಾಲು ಮಾತ್ರ ಉಳಿಯುತ್ತದೆ. ತುಂಡು ಮಾಡದ ಉತ್ತರವನ್ನು ತುಂಡು ಮಾಡಿದೆ ಅಂತ ಹೇಳಿದ ಹಾಗಾಯಿತು. ಈಗ "ಇನ್‌ವ್ಯಾಲಿಡ್ ಚಂಕ್ಡ್ ರೆಸ್ಪಾನ್ಸ್" ಅನ್ನುವ ಹೊಸ ದೂರು ಶುರುವಾಗುತ್ತದೆ. ಜೊತೆಗೆ ಕೀಪ್‌ಅಲೈವ್ (ಒಂದೇ ಸಂಪರ್ಕವನ್ನು ಮತ್ತೆ ಮತ್ತೆ ಬಳಸುವುದು) ಕೂಡ ಕೈ ತಪ್ಪುತ್ತದೆ.

1.22ಕ್ಕೆ ವಾಪಸ್ ಹೋಗುವುದು ಮೂರನೆಯ ದಾರಿ. ರಾತ್ರಿ ಹನ್ನೆರಡಕ್ಕೆ ಆಸೆ ಆಗುತ್ತದೆ. ಹೋಗಬೇಡಿ, ಇವತ್ತಲ್ಲ ನಾಳೆ ಇದೇ ಗೋಡೆಗೆ ಮತ್ತೆ ಬಂದು ನಿಲ್ಲುತ್ತೀರಿ.

ದರದ ಬೋರ್ಡ್ ನಿಂತುಬಿಟ್ಟರೆ

ಪುಟ ತೆರೆಯುತ್ತದೆ, ಅಂಕಿ ಮಾತ್ರ ಬದಲಾಗುವುದಿಲ್ಲ. ಇದು ವೆಬ್‌ಸಾಕೆಟ್ (ಸರ್ವರ್ ತಾನಾಗಿ ಹೊಸ ಅಂಕಿ ಕಳಿಸಲು ತೆರೆದಿಡುವ ಸಂಪರ್ಕ) ದೋಷ, 502ರ ಜೊತೆ ಬೆರೆಸಬೇಡಿ. ಬ್ರೌಸರ್‌ನ ನೆಟ್‌ವರ್ಕ್ ಟ್ಯಾಬ್‌ನಲ್ಲಿ 101 ಕಾಣಬೇಕು. ಕಾಣದಿದ್ದರೆ ಮೂರು ಸಾಲು ನೋಡಿ: ಪ್ರಾಕ್ಸಿ_ಎಚ್‌ಟಿಟಿಪಿ_ವರ್ಶನ್ 1.1, ಅಪ್‌ಗ್ರೇಡ್ ಹೆಡರ್, ಕನೆಕ್ಷನ್ ಹೆಡರ್.

ಸಾಲುಗಳು ಇದ್ದೂ ಕೆಲಸ ಮಾಡದಿರಲು ಸಾಮಾನ್ಯ ಕಾರಣ ಒಂದಿದೆ. ಪ್ರಾಕ್ಸಿ_ಸೆಟ್_ಹೆಡರ್ ಮೇಲಿನಿಂದ ಕೆಳಕ್ಕೆ ಇಳಿಯುವುದು ಲೊಕೇಶನ್‌ನಲ್ಲಿ ಅಂಥ ಸಾಲು ಒಂದೂ ಇಲ್ಲದಿದ್ದರೆ ಮಾತ್ರ. ಒಂದೇ ಒಂದು ಬರೆದರೂ ಮೇಲಿನವೆಲ್ಲ ಬಿಟ್ಟುಹೋಗುತ್ತವೆ. ಇದು ಹೊಸ ಆವೃತ್ತಿಯ ಬದಲಾವಣೆಯಲ್ಲ, ಮೊದಲಿಂದಲೂ ಹೀಗೇ. ವಲಸೆಯ ನೆಪದಲ್ಲಿ ಫೈಲ್ ಚೊಕ್ಕ ಮಾಡೋಣ ಅಂತ ಸಾಲುಗಳನ್ನು ಮೇಲಕ್ಕೆ ಸರಿಸಿದಾಗ ಹೊರಗೆ ಬರುತ್ತದೆ. ಚೊಕ್ಕ ಮಾಡುವ ಕೆಲಸ ವಲಸೆಯ ದಿನ ಇಟ್ಟುಕೊಳ್ಳಬೇಡಿ.

ಬೋರ್ಡ್ ಒಂದು ನಿಮಿಷ ಓಡಿ ನಿಂತರೆ ಅದು ಪ್ರಾಕ್ಸಿ_ರೀಡ್_ಟೈಮೌಟ್. ದರ ಬದಲಾಗದೆ 60 ಸೆಕೆಂಡ್ ಕಳೆದರೆ ಸಂಪರ್ಕ ಕಡಿಯುತ್ತದೆ. ಆ ಲೊಕೇಶನ್‌ಗೆ ಮಾತ್ರ ಜಾಸ್ತಿ ಮಾಡಿ, ಅಥವಾ ಆ್ಯಪ್ ಆಗಾಗ ಪಿಂಗ್ ಕಳಿಸಲಿ.

ವೇಬ್ರಿಜ್ ಕಡೆಯ ಹಳೆಯ ಟಿಎಲ್‌ಎಸ್

ತೂಕದ ಲೆಕ್ಕ ಕೊಡುವ ಹಳೆಯ ಪೆಟ್ಟಿಗೆ ಎಚ್‌ಟಿಟಿಪಿಎಸ್‌ನಲ್ಲಿ ಮಾತಾಡುತ್ತದೆ. ಡೆಬಿಯನ್ 11ರಲ್ಲಿ ಓಪನ್‌ಎಸ್‌ಎಸ್‌ಎಲ್ 1.1.1 ಇತ್ತು, 13ರಲ್ಲಿ 3.5 ಇದೆ. ಸುರಕ್ಷಿತ ರೀನೆಗೋಶಿಯೇಶನ್ ಗೊತ್ತಿಲ್ಲದ ಹಳೆಯ ಸರ್ವರ್‌ಗಳ ಜೊತೆ 3.0ರಿಂದ ತಾನಾಗಿ ಕೈ ಕುಲುಕುವುದಿಲ್ಲ. ಲಾಗ್‌ನಲ್ಲಿ "ಅನ್‌ಸೇಫ್ ಲೆಗಸಿ ರೀನೆಗೋಶಿಯೇಶನ್ ಡಿಸೇಬಲ್ಡ್" ಅಂತ ಬರುತ್ತದೆ. ಪೆಟ್ಟಿಗೆಯ ಸಾಫ್ಟ್‌ವೇರ್ ಹೊಸದು ಸಿಕ್ಕರೆ ಅದನ್ನೇ ಹಾಕಿಸಿ. ಸಿಗದಿದ್ದರೆ ಆ ಒಂದು ಲೊಕೇಶನ್‌ನಲ್ಲಿ ಪ್ರಾಕ್ಸಿ_ಎಸ್‌ಎಸ್‌ಎಲ್_ಕಾನ್ಫ್_ಕಮಾಂಡ್ ಬಳಸಿ, ಆಪ್ಷನ್ಸ್‌ಗೆ ಅನ್‌ಸೇಫ್‌ಲೆಗಸಿಸರ್ವರ್‌ಕನೆಕ್ಟ್ ಅಂತ ಕೊಡಬಹುದು. ಈ ಡೈರೆಕ್ಟಿವ್ 1.19.4ರಿಂದ ಇದೆ. ಇಡೀ ಯಂತ್ರದ ಓಪನ್‌ಎಸ್‌ಎಸ್‌ಎಲ್ ಫೈಲ್ ತಿದ್ದಿ ಎಲ್ಲರಿಗೂ ಬಾಗಿಲು ತೆರೆಯಬೇಡಿ. ಆ ಪೆಟ್ಟಿಗೆಯವರೆಗಿನ ದಾರಿ ವಿಪಿಎನ್ ಒಳಗೆ ಇರಲಿ.

ಡಿಎನ್‌ಎಸ್ ತಿರುಗಿಸುವ ಮೊದಲು

ಕರ್ಲ್‌ಗೆ ರಿಸಾಲ್ವ್ ಆಯ್ಕೆ ಕೊಟ್ಟರೆ ಡಿಎನ್‌ಎಸ್ (ಸೈಟ್ ಹೆಸರನ್ನು ಸರ್ವರ್ ವಿಳಾಸಕ್ಕೆ ಜೋಡಿಸುವ ವ್ಯವಸ್ಥೆ) ಮುಟ್ಟದೆ ಹೊಸ ಯಂತ್ರವನ್ನು ಸೈಟಿನ ನಿಜವಾದ ಹೆಸರಿನಲ್ಲೇ ಪರೀಕ್ಷಿಸಬಹುದು. ಸರ್ಟಿಫಿಕೇಟ್ ಕೂಡ ಸರಿಯಾಗಿ ತಾಳೆಯಾಗುತ್ತದೆ. ಹೋಮ್ ಪೇಜ್ ಒಂದೇ ನೋಡಿ ಬಿಡಬೇಡಿ. ಹಳೆಯ ಆಕ್ಸೆಸ್ ಲಾಗ್‌ನಿಂದ ಜನ ನಿಜವಾಗಿ ತೆರೆಯುವ ವಿಳಾಸಗಳನ್ನು ಆರಿಸಿ, ಒಂದೊಂದಕ್ಕೂ ಕರ್ಲ್ ಹಾಕಿ. ಆ್ಯಪ್‌ಗಳು ತಾವಾಗಿ ಕರೆಯುವ ವಿಳಾಸಗಳೂ ಆ ಪಟ್ಟಿಯಲ್ಲಿರಲಿ. ದರದ ಪುಟ ಅಲ್ಲೇ ಸಿಕ್ಕಿಬೀಳುತ್ತದೆ.

ಇದ್ದ ಯಂತ್ರದಲ್ಲೇ ಪ್ಯಾಕೇಜ್ ಹೊಸದು ಮಾಡಿದ್ದರೆ ರೀಲೋಡ್ ಸಾಲದು. ರೀಲೋಡ್ ಕಾನ್ಫಿಗ್ ಮಾತ್ರ ಮತ್ತೆ ಓದುತ್ತದೆ, ಓಡುತ್ತಿರುವ ಪ್ರೋಗ್ರಾಂ ಹಳೆಯದೇ ಇರುತ್ತದೆ. ರೀಸ್ಟಾರ್ಟ್ ಮಾಡಿ.

ಕೊನೆಗೆ ಲಾಗ್_ಫಾರ್ಮ್ಯಾಟ್‌ಗೆ ಅಪ್‌ಸ್ಟ್ರೀಮ್_ಅಡ್ರ್, ಅಪ್‌ಸ್ಟ್ರೀಮ್_ಸ್ಟೇಟಸ್, ಅಪ್‌ಸ್ಟ್ರೀಮ್_ಕನೆಕ್ಟ್_ಟೈಮ್, ಅಪ್‌ಸ್ಟ್ರೀಮ್_ರೆಸ್ಪಾನ್ಸ್_ಟೈಮ್ ನಾಲ್ಕನ್ನೂ ಸೇರಿಸಿ. 502 ಬಂದ ಸಾಲಿನಲ್ಲಿ ಕನೆಕ್ಟ್_ಟೈಮ್ ಜಾಗದಲ್ಲಿ ಬರೀ ಅಡ್ಡಗೆರೆ ಇದ್ದರೆ ಸಂಪರ್ಕವೇ ಆಗಿಲ್ಲ, ಪೋರ್ಟ್ ನೋಡಿ. ಅಂಕಿ ಇದ್ದರೆ ಆ್ಯಪ್‌ವರೆಗೆ ಹೋಗಿ ಬಂದಿದೆ, ಹೆಡರ್ ನೋಡಿ. ಅಡ್ರ್ ಜಾಗದಲ್ಲಿ ಐಪಿ ಬದಲು ಅಪ್‌ಸ್ಟ್ರೀಮ್ ಗುಂಪಿನ ಹೆಸರೇ ಇದ್ದರೆ ಎಲ್ಲ ಸರ್ವರ್‌ಗಳೂ ಪಕ್ಕಕ್ಕೆ ಹೋಗಿವೆ. ಆಗ ಲಾಗ್‌ನಲ್ಲಿ 10 ಸೆಕೆಂಡ್ ಹಿಂದೆ ಹೋಗಿ, ಅವುಗಳನ್ನು ಕೆಡವಿದ ವಿನಂತಿ ಯಾವುದು ಹುಡುಕಿ.